ಗೆಲ್ಲಿಸಿದವರೇ ಕೆಳಗಿಳಿಸಿದಾಗ: ಸ್ಯಾನ್ ಫ್ರಾನ್ಸಿಸ್ಕೋ ಶಾಲಾ ಮಂಡಳಿಯ ರೀಕಾಲ್

2022ರ ಫೆಬ್ರವರಿ 15ರಂದು ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು ತಾವೇ ಆರಿಸಿದ್ದ ಶಾಲಾ ಮಂಡಳಿಯ ಮೂವರು ಸದಸ್ಯರನ್ನು ಅವಧಿ ಮುಗಿಯುವ ಮೊದಲೇ ಮತ ಹಾಕಿ ಮನೆಗೆ ಕಳಿಸಿದರು. ಇದಕ್ಕೆ ಅಲ್ಲಿ ರೀಕಾಲ್ ಎನ್ನುತ್ತಾರೆ. ಆಲಿಸನ್ ಕಾಲಿನ್ಸ್, ಗೇಬ್ರಿಯೇಲಾ ಲೋಪೆಜ್, ಫಾಊಗಾ ಮೊಲಿಗಾ. ಲೋಪೆಜ್ ಆಗ ಮಂಡಳಿಯ ಅಧ್ಯಕ್ಷೆ. ಮೂವರ ವಿರುದ್ಧವೂ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಮತ ಬಿತ್ತು. ಕಾಲಿನ್ಸ್ ವಿರುದ್ಧ ಸುಮಾರು ಶೇ. 76.

ಈ ಊರು 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಬೈಡನ್‌ಗೆ ಶೇ. 85ರಷ್ಟು ಮತ ಕೊಟ್ಟ ಊರು. ಕೆಳಗಿಳಿದ ಮೂವರೂ ಅದೇ ಕಡೆಯ ರಾಜಕೀಯದವರು. ಹಾಗಾಗಿ ಆಗ ಸಿಕ್ಕಾಪಟ್ಟೆ ವಿಶ್ಲೇಷಣೆ ಬಂತು. ಉದಾರವಾದಿ ನಗರ ಬಲಕ್ಕೆ ತಿರುಗಿತು ಎಂದರು ಕೆಲವರು. ಶ್ರೀಮಂತರು ದುಡ್ಡು ಸುರಿದು ಚುನಾವಣೆ ಕೊಂಡರು ಎಂದರು ಇನ್ನು ಕೆಲವರು. ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಯಾರು ಹೋದರು, ಯಾರು ಉಳಿದರು, ಅವರ ಜಾಗಕ್ಕೆ ಯಾರು ಬಂದರು ಎನ್ನುವುದನ್ನು ನಿಜವಾಗಿ ನಿರ್ಧರಿಸಿದ್ದು ನಿಯಮಗಳು. ಎಷ್ಟು ಸಹಿ ಬೇಕು, ಎಷ್ಟು ದಿನ ಸಿಗುತ್ತದೆ, ಯಾರನ್ನು ಮುಟ್ಟಬಹುದು, ಖಾಲಿ ಸೀಟು ತುಂಬುವವರು ಯಾರು ಎನ್ನುವ ಒಣ ನಿಯಮಗಳು. ಈ ಲೇಖನ ಅವುಗಳ ಬಗ್ಗೆಯೇ.

ಮೊದಲು ಈ ಮಂಡಳಿ ಅಂದರೆ ಏನು ಅಂತ ನೋಡೋಣ. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ. ಎಸ್‌ಡಿಎಂಸಿ ಒಂದು ಶಾಲೆಗೆ ಸೇರಿದ್ದು. ಅದರ ಸದಸ್ಯರನ್ನು ಪೋಷಕರು ಆರಿಸುತ್ತಾರೆ. ಶಿಕ್ಷಕರ ನೇಮಕ, ಪಠ್ಯ, ಬಜೆಟ್ ಎಲ್ಲ ರಾಜ್ಯ ಸರ್ಕಾರದ ಕೈಯಲ್ಲಿರುತ್ತದೆ. ಅಮೆರಿಕದಲ್ಲಿ ಸುಮಾರು 13 ಸಾವಿರ ಶಾಲಾ ಜಿಲ್ಲೆಗಳಿವೆ. ಇವು ನಮ್ಮ ಕಂದಾಯ ಜಿಲ್ಲೆಗಳಂತೆ ಅಲ್ಲ, ಶಾಲೆ ನಡೆಸಲೆಂದೇ ಇರುವ ಸ್ಥಳೀಯ ಸರ್ಕಾರಗಳು. ಬಹುತೇಕ ಕಡೆ ಇವುಗಳ ಮಂಡಳಿಯನ್ನು ಜನ ನೇರವಾಗಿ ಆರಿಸುತ್ತಾರೆ. ಮಕ್ಕಳಿಲ್ಲದವರೂ ಮತ ಹಾಕುತ್ತಾರೆ. ಬಜೆಟ್ ಪಾಸು ಮಾಡುವುದು, ಜಿಲ್ಲೆಯ ಮುಖ್ಯ ಅಧಿಕಾರಿಯನ್ನು ನೇಮಿಸುವುದು, ಶಿಕ್ಷಕರ ಸಂಘದ ಜೊತೆ ಸಂಬಳದ ಒಪ್ಪಂದ ಮಾಡಿಕೊಳ್ಳುವುದು, ಶಾಲೆ ತೆರೆಯುವುದು, ಮುಚ್ಚುವುದು ಎಲ್ಲ ಮಂಡಳಿಯದೇ ಕೆಲಸ.

ಸ್ಯಾನ್ ಫ್ರಾನ್ಸಿಸ್ಕೋದ ಮಂಡಳಿಯಲ್ಲಿ 7 ಜನ. ಅವಧಿ 4 ವರ್ಷ. ಸುಮಾರು 50 ಸಾವಿರ ಮಕ್ಕಳ ಜವಾಬ್ದಾರಿ. ಇದಕ್ಕೆ ಆಗ ಸಿಗುತ್ತಿದ್ದ ಗೌರವಧನ ವರ್ಷಕ್ಕೆ 6,000 ಡಾಲರ್. ಆ ಊರಿನಲ್ಲಿ ಅದು ಎರಡು ತಿಂಗಳ ಮನೆ ಬಾಡಿಗೆಗೆ ಸರಿಹೋದರೆ ಹೆಚ್ಚು. ಅಂದರೆ ಇದು ಹೊಟ್ಟೆಪಾಡಿನ ಹುದ್ದೆ ಅಲ್ಲ. ಶಿಕ್ಷಣದ ಮೇಲಿನ ಆಸಕ್ತಿಯಿಂದ ಬರುತ್ತಾರೆ, ಇಲ್ಲವೇ ಮುಂದಿನ ರಾಜಕೀಯಕ್ಕೆ ಮೆಟ್ಟಿಲು ಅಂತ ಬರುತ್ತಾರೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಜನರಿಗೆ ಸಿಟ್ಟು ಯಾಕೆ ಬಂತು? ಕೋವಿಡ್‌ನಿಂದ ಶಾಲೆಗಳು 2020ರ ಮಾರ್ಚ್‌ನಲ್ಲಿ ಮುಚ್ಚಿದವು. ಮುಚ್ಚಿದ್ದರ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ಆದರೆ ಸುತ್ತಲಿನ ಹಲವು ಜಿಲ್ಲೆಗಳು, ಊರಿನ ಖಾಸಗಿ ಶಾಲೆಗಳು ಒಂದೊಂದಾಗಿ ತೆರೆದವು. ಇಲ್ಲಿನ ಸಾರ್ವಜನಿಕ ಶಾಲೆಗಳು ಮಾತ್ರ ತೆರೆಯಲಿಲ್ಲ. ಮಕ್ಕಳು ಅಡುಗೆಮನೆ ಮೇಜಿನ ಮುಂದೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ಇದೇ ಹೊತ್ತಿನಲ್ಲಿ, 2021ರ ಜನವರಿ ಕೊನೆಗೆ, ಮಂಡಳಿ 6-1 ಮತದಿಂದ ಒಂದು ನಿರ್ಣಯ ಪಾಸು ಮಾಡಿತು. ಶಾಲೆ ತೆರೆಯುವ ನಿರ್ಣಯ ಅಲ್ಲ. 44 ಶಾಲೆಗಳ ಹೆಸರು ಬದಲಿಸುವ ನಿರ್ಣಯ.

ಪಟ್ಟಿಯಲ್ಲಿ ಜಾರ್ಜ್ ವಾಷಿಂಗ್ಟನ್ ಇದ್ದರು. ಅವರು ಗುಲಾಮರನ್ನು ಇಟ್ಟುಕೊಂಡಿದ್ದವರು. ಅಬ್ರಹಾಂ ಲಿಂಕನ್ ಇದ್ದರು. ಅವರ ಕಾಲದಲ್ಲಿ ಮೂಲನಿವಾಸಿಗಳನ್ನು ನಡೆಸಿಕೊಂಡ ರೀತಿ ಕಾರಣ. ಆಗಿನ್ನೂ ಸೆನೆಟರ್ ಆಗಿದ್ದ ಡಯಾನ್ ಫೈನ್‌ಸ್ಟೈನ್ ಹೆಸರೂ ಇತ್ತು. ಹಿಂದೆ ಅವರು ಮೇಯರ್ ಆಗಿದ್ದಾಗ ನಗರಸಭೆ ಮುಂದೆ ಹಾರಿದ ಒಂದು ಬಾವುಟದ ವಿಷಯಕ್ಕೆ. ಹೆಸರು ಬದಲಿಸುವುದು ತಪ್ಪೇನಲ್ಲ, ಬೇರೆ ಊರುಗಳೂ ಮಾಡಿವೆ. ಇಲ್ಲಿ ಎಡವಟ್ಟಾಗಿದ್ದು ಇತಿಹಾಸ ಪರಿಶೀಲನೆಯಲ್ಲಿ. ಪಟ್ಟಿಯಲ್ಲಿದ್ದ ಸ್ವಾತಂತ್ರ್ಯ ಹೋರಾಟಗಾರ ಪಾಲ್ ರಿವಿಯರ್ 1779ರಲ್ಲಿ ಬ್ರಿಟಿಷರ ವಿರುದ್ಧದ ಪೆನಾಬ್‌ಸ್ಕಾಟ್ ದಂಡಯಾತ್ರೆಯಲ್ಲಿ ಇದ್ದವರು. ಪೆನಾಬ್‌ಸ್ಕಾಟ್ ಎನ್ನುವುದು ಮೂಲನಿವಾಸಿ ಸಮುದಾಯದ ಹೆಸರೂ ಹೌದು. ಹೆಸರುಗಳನ್ನು ಪರಿಶೀಲಿಸಿದ ಸಮಿತಿಯವರು ಅದನ್ನು ಆ ಸಮುದಾಯದ ಜಮೀನು ಕಸಿಯಲು ಹೋದ ಯಾತ್ರೆ ಎಂದು ಓದಿಕೊಂಡರು. ಇತಿಹಾಸಕಾರರ ಜೊತೆ ಕೂತು ಚರ್ಚಿಸಿರಲೇ ಇಲ್ಲ. ಇಡೀ ದೇಶ ನಕ್ಕಿತು. ಏಪ್ರಿಲ್‌ನಲ್ಲಿ ಮಂಡಳಿ ನಿರ್ಣಯವನ್ನು ವಾಪಸ್ ತೆಗೆದುಕೊಂಡಿತು.

ಎರಡನೆಯದು ಲೋವೆಲ್ ಹೈಸ್ಕೂಲ್. ಅಂಕ ಮತ್ತು ಪರೀಕ್ಷೆ ನೋಡಿ ಮಕ್ಕಳನ್ನು ಸೇರಿಸಿಕೊಳ್ಳುವ ಹೆಸರಾಂತ ಸರ್ಕಾರಿ ಶಾಲೆ. ಅಲ್ಲಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಏಷ್ಯಾ ಮೂಲದವರು, ಕಪ್ಪು ಮಕ್ಕಳು ತೀರಾ ಕಡಿಮೆ. 2021ರ ಫೆಬ್ರವರಿಯಲ್ಲಿ ಮಂಡಳಿ ಮೆರಿಟ್ ತೆಗೆದು ಲಾಟರಿ ತಂದಿತು. ಉದ್ದೇಶದ ಬಗ್ಗೆ ಎರಡೂ ಕಡೆ ವಾದ ಮಾಡಬಹುದು. ಮೀಸಲಾತಿ ಮತ್ತು ಮೆರಿಟ್ ಜಗಳವನ್ನು ದಶಕಗಳಿಂದ ನೋಡಿದ ನಮಗೆ ಈ ವಾದ ಹೊಸದಲ್ಲ. ಆದರೆ ಸಭೆಯ ಅಜೆಂಡಾದಲ್ಲಿ ವಿಷಯವನ್ನು ಸರಿಯಾಗಿ ತಿಳಿಸಿರಲಿಲ್ಲ. ಮಂಡಳಿ ಬಹಿರಂಗ ಸಭೆಯ ಕಾನೂನನ್ನು ಮುರಿದಿದೆ ಎಂದು ಅದೇ ವರ್ಷ ನವೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು.

ಅಷ್ಟರಲ್ಲಿ ಕಾಲಿನ್ಸ್ 2016ರಲ್ಲಿ ಹಾಕಿದ್ದ ಟ್ವೀಟ್‌ಗಳು ಹೊರಬಂದವು. ಏಷ್ಯನ್ ಅಮೆರಿಕನ್ನರು ಮುಂದೆ ಬರಲು ಬಿಳಿಯರ ಯೋಚನೆಯನ್ನೇ ಮೈಗೂಡಿಸಿಕೊಂಡಿದ್ದಾರೆ ಎನ್ನುವ ಅರ್ಥದ, ಕಟುವಾದ ಮಾತುಗಳು. ದೇಶದಲ್ಲಿ ಏಷ್ಯನ್ನರ ಮೇಲೆ ಹಲ್ಲೆಗಳ ಸುದ್ದಿ ದಿನಾ ಬರುತ್ತಿದ್ದ ಕಾಲ ಅದು. ಮಂಡಳಿ ಅವರ ಉಪಾಧ್ಯಕ್ಷ ಸ್ಥಾನ ಕಿತ್ತುಕೊಂಡಿತು. ಅವರು ತಿರುಗಿ ಜಿಲ್ಲೆ ಮತ್ತು ಸಹ ಸದಸ್ಯರ ಮೇಲೆ 8.7 ಕೋಟಿ ಡಾಲರ್ ಪರಿಹಾರ ಕೇಳಿ ಕೇಸು ಹಾಕಿದರು. ಆಗ ಜಿಲ್ಲೆಯ ಬಜೆಟ್‌ನಲ್ಲಿ ಸುಮಾರು 12.5 ಕೋಟಿ ಡಾಲರ್ ಕೊರತೆ ಇತ್ತು! ಕೇಸು ಕೆಲವೇ ತಿಂಗಳಲ್ಲಿ ವಜಾ ಆಯಿತು. ಇನ್ನೊಂದು ವಿಚಿತ್ರ ನೋಡಿ: ಶಾಲೆ ತೆರೆಯಿರಿ ಎಂದು ನಗರಾಡಳಿತವೇ ತನ್ನ ಊರಿನ ಶಾಲಾ ಜಿಲ್ಲೆಯ ಮೇಲೆ ಕೋರ್ಟಿಗೆ ಹೋಗಿತ್ತು.

ಇಷ್ಟು ಸಿಟ್ಟು ಇದ್ದರೆ ಸಾಕಲ್ವಾ? ಸಾಲದು. ಅದೇ 2021ರಲ್ಲಿ ಅಮೆರಿಕದಾದ್ಯಂತ ಶಾಲಾ ಮಂಡಳಿಗಳ ವಿರುದ್ಧ 90ಕ್ಕೂ ಹೆಚ್ಚು ರೀಕಾಲ್ ಪ್ರಯತ್ನಗಳು ಶುರುವಾದವು, 200ಕ್ಕೂ ಹೆಚ್ಚು ಸದಸ್ಯರ ಮೇಲೆ. ಮಾಸ್ಕ್, ಆನ್‌ಲೈನ್ ಪಾಠ, ಜನಾಂಗದ ಬಗ್ಗೆ ಪಠ್ಯದಲ್ಲಿ ಏನಿರಬೇಕು ಎನ್ನುವುದು, ಹೀಗೆ ಕಾರಣಗಳು ಹಲವು. ಬಹುಪಾಲು ಮತಪೆಟ್ಟಿಗೆಯವರೆಗೆ ಬರಲೇ ಇಲ್ಲ. ಸಹಿ ಸಾಲದೆ ಸತ್ತವು. ವಿಸ್ಕಾನ್ಸಿನ್ ರಾಜ್ಯದ ಮೆಕ್ವಾನ್-ತೀನ್ಸ್‌ವಿಲ್‌ನಲ್ಲಿ ಆ ವರ್ಷದ ನವೆಂಬರ್‌ನಲ್ಲಿ ಚುನಾವಣೆ ನಡೆದೇ ನಡೆಯಿತು, ದೊಡ್ಡ ಸುದ್ದಿಯೂ ಆಯಿತು. ನಾಲ್ವರು ಸದಸ್ಯರೂ ಗೆದ್ದು ಉಳಿದರು.

ಕ್ಯಾಲಿಫೋರ್ನಿಯಾದಲ್ಲಿ ರೀಕಾಲ್ ಹೇಗೆ ನಡೆಯುತ್ತದೆ ಎಂದು ಈಗ ನೋಡೋಣ. ಈ ಹಕ್ಕು ಅಲ್ಲಿಗೆ ಹೊಸದಲ್ಲ. ಲಾಸ್ ಏಂಜಲೀಸ್ ನಗರ 1903ರಲ್ಲೇ ತಂದಿತ್ತು. ರೈಲ್ವೆ ಕಂಪನಿಗಳು ಶಾಸಕರನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ ಕಾಲ. ಅದಕ್ಕೆ ಮದ್ದು ಅಂತ ಗವರ್ನರ್ ಹೈರಮ್ ಜಾನ್ಸನ್ ಕಾಲದಲ್ಲಿ, 1911ರಲ್ಲಿ, ಇಡೀ ರಾಜ್ಯಕ್ಕೆ ಬಂತು. 2003ರಲ್ಲಿ ಗವರ್ನರ್ ಗ್ರೇ ಡೇವಿಸ್‌ರನ್ನು ಇಳಿಸಿ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ರನ್ನು ಕೂರಿಸಿದ್ದು ಇದೇ ಹಕ್ಕು.

ಮೊದಲು ಒಂದು ನೋಟಿಸ್ ಕೊಡಬೇಕು. ಅದರಲ್ಲಿ ಕಾರಣ ಬರೆಯಬೇಕು, 200 ಪದಗಳ ಒಳಗೆ. ಆ ಸದಸ್ಯರಿಗೂ 200 ಪದಗಳಲ್ಲಿ ಉತ್ತರ ಕೊಡಲು ಅವಕಾಶ ಇದೆ. ಇಲ್ಲೊಂದು ಮುಖ್ಯ ಸಂಗತಿ ಇದೆ. ಕಾರಣ ಸರಿಯಿದೆಯೋ ಇಲ್ಲವೋ ಎಂದು ಯಾರೂ ಪರೀಕ್ಷಿಸುವಂತಿಲ್ಲ. ರಾಜ್ಯದ ಸಂವಿಧಾನವೇ ಹಾಗೆ ಹೇಳುತ್ತದೆ. ಭ್ರಷ್ಟಾಚಾರ ಆಗಿರಬೇಕಿಲ್ಲ, ಕಾನೂನು ಮುರಿದಿರಬೇಕಿಲ್ಲ. "ನಿಮ್ಮ ಕೆಲಸ ನಮಗೆ ಇಷ್ಟ ಆಗಲಿಲ್ಲ" ಅಂದರೂ ಆಯಿತು. ಉತ್ತರಕ್ಕಿರುವ ವಾಷಿಂಗ್ಟನ್ ರಾಜ್ಯದಲ್ಲಿ ಹೀಗಿಲ್ಲ. ಆರೋಪದಲ್ಲಿ ತೂಕ ಇದೆ ಎಂದು ಮೊದಲು ನ್ಯಾಯಾಧೀಶರು ಒಪ್ಪಬೇಕು, ಆಮೇಲೆ ಸಹಿ. ವರ್ಜೀನಿಯಾದಲ್ಲಿ ಸಹಿ ಸಂಗ್ರಹಿಸಿದ ಮೇಲೆ ಚುನಾವಣೆಯೇ ಇಲ್ಲ, ಪ್ರಕರಣ ಕೋರ್ಟಿಗೆ ಹೋಗುತ್ತದೆ. ಇನ್ನು ಅನೇಕ ರಾಜ್ಯಗಳಲ್ಲಿ ಶಾಲಾ ಮಂಡಳಿಗೆ ರೀಕಾಲ್ ಎನ್ನುವುದೇ ಇಲ್ಲ. ಒಂದೇ ದೇಶ, ಒಂದೇ ಸಿಟ್ಟು. ರಾಜ್ಯದ ಗಡಿ ದಾಟಿದರೆ ಫಲಿತಾಂಶ ಬೇರೆ.

ನೋಟಿಸ್ ಆದ ಮೇಲೆ ಸಹಿ. ದೊಡ್ಡ ಊರುಗಳಲ್ಲಿ ನೋಂದಾಯಿತ ಮತದಾರರ ಶೇ. 10ರಷ್ಟು ಸಹಿ ಬೇಕು. ಮತದಾರರು ಕಡಿಮೆ ಇದ್ದ ಕಡೆ ಶೇಕಡಾವಾರು ಏರುತ್ತದೆ, ತೀರಾ ಚಿಕ್ಕ ಊರಲ್ಲಿ ಶೇ. 30ರವರೆಗೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬೊಬ್ಬ ಸದಸ್ಯರಿಗೂ 51,325 ಸಹಿ, 160 ದಿನಗಳ ಒಳಗೆ. ಮೂವರಿಗೆ ಮೂರು ಬೇರೆ ಬೇರೆ ಅರ್ಜಿ. ನಮ್ಮಲ್ಲಿ ಫೋನಿನಲ್ಲಿ ಒಂದು ಲಿಂಕ್ ಒತ್ತಿ ಮನವಿಗೆ ಸಹಿ ಹಾಕಿದಂತೆ ಅಲ್ಲ ಇದು. ಕಾಗದದ ಮೇಲೆ, ಶಾಯಿಯಲ್ಲಿ, ನೋಂದಾಯಿತ ವಿಳಾಸದ ಜೊತೆ ಇರಬೇಕು. ಹೊಸ ಮನೆಗೆ ಹೋಗಿ ವಿಳಾಸ ಬದಲಿಸದಿದ್ದರೆ ಸಹಿ ರದ್ದು. ಎರಡು ಸಲ ಹಾಕಿದರೆ ಒಂದು ರದ್ದು. ಹಾಗಾಗಿ ಬೇಕಾದ್ದಕ್ಕಿಂತ ಸಾವಿರಾರು ಸಹಿ ಹೆಚ್ಚು ತರಬೇಕು. ಈ ಚಳವಳಿಯವರು ಪ್ರತಿಯೊಬ್ಬರ ವಿರುದ್ಧವೂ ಸುಮಾರು 80 ಸಾವಿರ ಸಹಿ ತಂದರು. ಅದೂ ಕೋವಿಡ್ ಮಧ್ಯೆ, ಸಂತೆಗಳ ಹತ್ತಿರ ಮೇಜು ಹಾಕಿಕೊಂಡು.

ಶುರು ಮಾಡಿದ್ದು ಇಬ್ಬರು ಪೋಷಕರು, ಶಿವ ರಾಜ್ ಮತ್ತು ಆಟಮ್ ಲೂಯೆನ್. ರಾಜ್ ಭಾರತ ಮೂಲದ ಟೆಕ್ ಉದ್ಯಮಿ. ಇಬ್ಬರಿಗೂ ಆ ಊರಿನ ರಾಜಕೀಯದ ಹಿನ್ನೆಲೆ ಇರಲಿಲ್ಲ. ಅವರ ಜೊತೆ ದೊಡ್ಡ ಸಂಖ್ಯೆಯಲ್ಲಿ ನಿಂತದ್ದು ಚೀನೀ ಮೂಲದ ಪೋಷಕರು, ಅಜ್ಜ ಅಜ್ಜಿಯರು. ಲೋವೆಲ್ ಮತ್ತು ಟ್ವೀಟ್‌ಗಳು ಅವರನ್ನು ಬೀದಿಗೆ ತಂದಿದ್ದವು.

ದುಡ್ಡಿನ ಮಾತನ್ನೂ ಆಡೋಣ. ರೀಕಾಲ್ ಪರ ಸಂಗ್ರಹವಾದದ್ದು 20 ಲಕ್ಷ ಡಾಲರ್ ಹತ್ತಿರ. ವಿರುದ್ಧದವರ ಕೈಯಲ್ಲಿ 1 ಲಕ್ಷವೂ ಇರಲಿಲ್ಲ. ಇಂಟೆಲ್ ಮತ್ತು ಆಪಲ್‌ನಲ್ಲಿ ಶುರುವಿನಲ್ಲೇ ಬಂಡವಾಳ ಹಾಕಿದ್ದ ಆರ್ಥರ್ ರಾಕ್ ದೊಡ್ಡ ದಾನಿಗಳಲ್ಲಿ ಒಬ್ಬರು. ಶಿಕ್ಷಕರ ಸಂಘ ರೀಕಾಲ್ ಅನ್ನು ವಿರೋಧಿಸಿತು. ಇದು ಕೋಟ್ಯಧಿಪತಿಗಳ ಆಟ ಎಂದು ವಿರೋಧಿಗಳು ದೂರಿದರು. ನನಗನಿಸುವುದು ಇಷ್ಟು: ದುಡ್ಡು ಇಲ್ಲದಿದ್ದರೆ 160 ದಿನದಲ್ಲಿ ಅಷ್ಟು ಸಹಿ ಕಷ್ಟ ಇತ್ತು. ಆದರೆ ಶೇ. 76 ಮತವನ್ನು ದುಡ್ಡಿನಿಂದ ಕೊಳ್ಳಲು ಆಗುವುದಿಲ್ಲ. ಬಾಗಿಲು ತೆಗೆಸಿದ್ದು ದುಡ್ಡು, ಒಳಗೆ ನುಗ್ಗಿದ್ದು ಜನ.

ಈಗ ಈ ಕಥೆಯಲ್ಲಿ ನನಗೆ ಬಹಳ ಕಾಡುವ ಭಾಗ. ಮಂಡಳಿಯಲ್ಲಿ 7 ಜನ ಇದ್ದರಲ್ಲ, ಮೂವರನ್ನೇ ಯಾಕೆ ಇಳಿಸಿದರು? ಅವರೇ ಅತಿ ಕೆಟ್ಟವರು ಅಂತಲ್ಲ. ಅಧಿಕಾರಕ್ಕೆ ಬಂದ ಮೊದಲ 6 ತಿಂಗಳು ಯಾರನ್ನೂ ರೀಕಾಲ್ ಮಾಡುವಂತಿಲ್ಲ ಎನ್ನುವುದು ನಗರದ ನಿಯಮ. ಉಳಿದ ನಾಲ್ವರು 2020ರ ನವೆಂಬರ್‌ನಲ್ಲಿ ಗೆದ್ದು 2021ರ ಜನವರಿಯಲ್ಲಿ ಹೊಸ ಅವಧಿ ಶುರು ಮಾಡಿದ್ದರು. ಹಾಗಾಗಿ ಚಳವಳಿ ಶುರುವಾದಾಗ ಅವರನ್ನು ಮುಟ್ಟಲು ಆಗಲಿಲ್ಲ. ಹೆಸರು ಬದಲಾವಣೆಗೆ 6 ಜನ ಕೈ ಎತ್ತಿದ್ದರು ಎನ್ನುವುದನ್ನು ನೆನಪಿಡಿ. ಅಂದರೆ ಅದೇ ತಪ್ಪು ಮಾಡಿದ ಕನಿಷ್ಠ ಮೂವರು ಆರಾಮಾಗಿ ಕುರ್ಚಿಯಲ್ಲಿ ಉಳಿದರು.

ಮೊಲಿಗಾ ವಿಷಯವನ್ನೇ ನೋಡಿ. ಸಮೋವಾ ಮೂಲದ ಸಮಾಜ ಕಾರ್ಯಕರ್ತ. ಅವರನ್ನು 2018ರಲ್ಲಿ ಮಂಡಳಿಗೆ ಮೊದಲು ನೇಮಿಸಿದ್ದೇ ಮೇಯರ್ ಲಂಡನ್ ಬ್ರೀಡ್. ಅವರು ಕಾಲಿನ್ಸ್ ಹಾಗೆ ಮಾತಿನಿಂದ ಗದ್ದಲ ಎಬ್ಬಿಸಿದವರಲ್ಲ. ಅವರ ಹೆಸರು ಪಟ್ಟಿಗೆ ಸೇರಿದ್ದು ಬಹುಮಟ್ಟಿಗೆ ಕ್ಯಾಲೆಂಡರ್‌ನಿಂದ. ಮೂವರಲ್ಲಿ ಕಡಿಮೆ ವಿರೋಧ ಬಿದ್ದದ್ದು ಅವರಿಗೇ, ಆದರೂ ಹೋದರು. ಮೇಯರ್ ಬ್ರೀಡ್ ಮೂವರ ರೀಕಾಲ್‌ಗೂ ಬೆಂಬಲ ಕೊಟ್ಟಿದ್ದರು.

ಅವರ ಜಾಗಕ್ಕೆ ಯಾರು ಬಂದರು? ಇಲ್ಲೇ ಇನ್ನೊಂದು ನಿಯಮ ಕೆಲಸ ಮಾಡಿತು. ವಿಸ್ಕಾನ್ಸಿನ್‌ನಲ್ಲಿ ರೀಕಾಲ್ ಅಂದರೆ ಎದುರಾಳಿಯ ಜೊತೆ ನೇರ ಸ್ಪರ್ಧೆ, ಗೆದ್ದವರಿಗೆ ಸೀಟು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮತಪತ್ರದ ಮೇಲೆ ಬದಲಿ ಅಭ್ಯರ್ಥಿ ಇರುವುದಿಲ್ಲ. ಇಳಿಸಬೇಕೇ, ಹೌದು ಅಥವಾ ಇಲ್ಲ, ಅಷ್ಟೆ. ಖಾಲಿ ಸೀಟು ತುಂಬುವುದು ಮೇಯರ್. ಅಂದರೆ ಮೂವರನ್ನು ಇಳಿಸಿ ಎಂದು ಪ್ರಚಾರ ಮಾಡಿದ ಮೇಯರ್‌ಗೇ ಹೊಸ ಮೂವರನ್ನು ನೇಮಿಸುವ ಅಧಿಕಾರ ಸಿಕ್ಕಿತು. ಕಾನೂನುಬದ್ಧವೇನೋ ಹೌದು, ಆದರೆ ಮತದಾರರ ಸಿಟ್ಟಿನ ಲಾಭ ಒಂದು ಕಚೇರಿಗೆ ಹೋಯಿತು ಎನ್ನುವುದೂ ನಿಜ. ಬ್ರೀಡ್ ನೇಮಿಸಿದವರು ಆ್ಯನ್ ಶು, ಲೇನಿ ಮೊಟಮೆಡಿ, ಲೀಸಾ ವೈಸ್‌ಮನ್-ವಾರ್ಡ್. ಹೊಸ ಮಂಡಳಿ 2022ರ ಜೂನ್‌ನಲ್ಲಿ 4-3 ಮತದಿಂದ ಲೋವೆಲ್‌ಗೆ ಮೆರಿಟ್ ಪದ್ಧತಿ ವಾಪಸ್ ತಂದಿತು. ನವೆಂಬರ್‌ನ ಮಾಮೂಲಿ ಚುನಾವಣೆಯಲ್ಲಿ ಇಬ್ಬರು ಗೆದ್ದರು, ಆ್ಯನ್ ಶು ಸೋತರು.

ಆ ನವೆಂಬರ್ ಚುನಾವಣೆ ಹೇಗೂ ಬರುವುದಿತ್ತು. ಕೆಳಗಿಳಿದ ಮೂವರ ಅವಧಿಯೂ 2023ರ ಜನವರಿಗೆ ಮುಗಿಯುತ್ತಿತ್ತು. ಹತ್ತು ತಿಂಗಳು ಕಾಯಲಾಗದೆ ಇಷ್ಟು ಖರ್ಚು ಬೇಕಿತ್ತಾ ಎನ್ನುವುದು ವಿರೋಧಿಗಳ ಬಲವಾದ ವಾದ. ಮತ ಹಾಕಿದವರೂ ನೋಂದಾಯಿತರಲ್ಲಿ ಸುಮಾರು ಶೇ. 36 ಮಾತ್ರ. ಇದಕ್ಕೆ ಪೋಷಕರ ಉತ್ತರ ಸರಳವಾಗಿತ್ತು: ಮೂರನೇ ಕ್ಲಾಸಿನ ಮಗುವಿಗೆ ಹತ್ತು ತಿಂಗಳು ಅಂದರೆ ಒಂದು ಇಡೀ ಶಾಲಾ ವರ್ಷ.

ಅಲ್ಲಿರುವ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದು ಅಂಶವೂ ಇದರಲ್ಲಿದೆ, ಎಷ್ಟೋ ಜನರಿಗೆ ಗೊತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಶಾಲಾ ಮಂಡಳಿಯ ಚುನಾವಣೆಗೆ ಮಾತ್ರ ಅಮೆರಿಕದ ಪೌರತ್ವ ಇಲ್ಲದವರೂ ಮತ ಹಾಕಬಹುದು. ಊರಿನಲ್ಲಿ ವಾಸ ಇರಬೇಕು, 19 ವರ್ಷದೊಳಗಿನ ಮಗುವಿನ ಪೋಷಕರಾಗಿರಬೇಕು. ಎಚ್-1ಬಿ ವೀಸಾದಲ್ಲಿ ಇದ್ದರೂ ನಡೆಯುತ್ತದೆ. 2016ರಲ್ಲಿ ಮತದಾರರು ಒಪ್ಪಿದ ಕಾನೂನು ಇದು, 2018ರಿಂದ ಜಾರಿಯಲ್ಲಿದೆ. ಈ ರೀಕಾಲ್‌ನಲ್ಲೂ ಅವರಿಗೆ ಹಕ್ಕಿತ್ತು, ಆದರೆ ಬಳಸಿದವರು ಬಹಳ ಕಡಿಮೆ. 2022ರಲ್ಲಿ ಒಂದು ನ್ಯಾಯಾಲಯ ಈ ಕಾನೂನನ್ನು ರದ್ದು ಮಾಡಿತು, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಹಿಂಜರಿಕೆಗೂ ಕಾರಣ ಇದೆ. ನೋಂದಣಿ ಮಾಡಿಕೊಂಡರೆ ಆ ಮಾಹಿತಿ ವಲಸೆ ಇಲಾಖೆಗೆ ಸಿಗಬಹುದು ಎಂದು ಚುನಾವಣಾ ಕಚೇರಿಯೇ ಎಚ್ಚರಿಸುತ್ತದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು ವಕೀಲರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಇನ್ನೊಂದು ಮಾತು: ಇದು ನಗರದ ಗಡಿಯ ಒಳಗೆ ಮಾತ್ರ. ನಮ್ಮವರು ಜಾಸ್ತಿ ಇರುವ ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೊಸೆಗೆ ಅನ್ವಯಿಸುವುದಿಲ್ಲ.

ಇದನ್ನೆಲ್ಲ ಓದಿದರೆ ನಮ್ಮಲ್ಲೂ ಇಂಥದ್ದು ಇರಬಾರದಾ ಅನ್ನಿಸುತ್ತದೆ. ಭಾರತದಲ್ಲಿ ಎಂಪಿ, ಎಂಎಲ್‌ಎಗಳನ್ನು ಮತದಾರರು ಹೀಗೆ ಇಳಿಸುವಂತಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮೇಲೆ ಅವಿಶ್ವಾಸ ತರಬಹುದು, ಆದರೆ ತರುವವರು ಸದಸ್ಯರು, ಊರಿನವರಲ್ಲ. ಮಧ್ಯಪ್ರದೇಶದಲ್ಲಿ ನಗರಸಭೆ ಅಧ್ಯಕ್ಷರಿಗೆ ನಿಜವಾದ ರೀಕಾಲ್ ನಡೆದದ್ದುಂಟು. ನಾಲ್ಕರಲ್ಲಿ ಮೂರು ಭಾಗ ಸದಸ್ಯರು ಪ್ರಸ್ತಾಪ ತಂದರೆ ಜನ ಮತ ಹಾಕುತ್ತಾರೆ. ಚಿಹ್ನೆ ಎರಡೇ: ಖಾಲಿ ಕುರ್ಚಿ, ಭರ್ತಿ ಕುರ್ಚಿ. ಅಕ್ಷರ ಬಾರದವರಿಗೂ ಒಂದೇ ನೋಟಕ್ಕೆ ಅರ್ಥವಾಗುವ ಮತಪತ್ರ. ಕ್ಯಾಲಿಫೋರ್ನಿಯಾದವರು ಇದನ್ನು ನೋಡಿ ಕಲಿಯಬಹುದು.

ಸ್ಯಾನ್ ಫ್ರಾನ್ಸಿಸ್ಕೋ ಆದ ಮೇಲೆ ರೀಕಾಲ್ ಕ್ಯಾಲಿಫೋರ್ನಿಯಾದ ಬೇರೆ ಊರುಗಳಿಗೂ ಹಬ್ಬಿತು, ಈ ಸಲ ಇನ್ನೊಂದು ದಿಕ್ಕಿನಿಂದ. 2024ರಲ್ಲಿ ಆರೆಂಜ್ ಶಾಲಾ ಜಿಲ್ಲೆಯಲ್ಲಿ ಇಬ್ಬರು, ಸುನೋಲ್ ಎಂಬ ಒಂದೇ ಶಾಲೆಯ ಪುಟ್ಟ ಜಿಲ್ಲೆಯಲ್ಲಿ ಇಬ್ಬರು, ಟೆಮೆಕ್ಯುಲಾದಲ್ಲಿ ಮಂಡಳಿ ಅಧ್ಯಕ್ಷ ಜೋಸೆಫ್ ಕೊಮ್ರಾಸ್ಕಿ ಕೆಳಗಿಳಿದರು. ಇವರೆಲ್ಲ ಸಂಪ್ರದಾಯವಾದಿಗಳು. ಸುನೋಲ್‌ನಲ್ಲಿ ಶಾಲೆಯ ಮುಂದೆ ಯಾವ ಬಾವುಟ ಹಾರಬೇಕು ಎನ್ನುವುದು ಜಗಳ. ಟೆಮೆಕ್ಯುಲಾದಲ್ಲಿ ಪಠ್ಯಪುಸ್ತಕದ ಜಗಳ. ಕೊಮ್ರಾಸ್ಕಿ ಜೂನ್‌ನಲ್ಲಿ ಕೂದಲೆಳೆ ಅಂತರದಲ್ಲಿ ಸೀಟು ಕಳೆದುಕೊಂಡರು. ನವೆಂಬರ್‌ನ ಮಾಮೂಲಿ ಚುನಾವಣೆಗೆ ನಿಂತು ಅದೇ ಮಂಡಳಿಗೆ ಗೆದ್ದು ಬಂದರು. ಜೂನ್‌ನಲ್ಲಿ ಬಂದ ಮತದಾರರು ಬೇರೆ, ಅಧ್ಯಕ್ಷೀಯ ಚುನಾವಣೆಯ ದಿನ ಬಂದವರು ಬೇರೆ.

ರೀಕಾಲ್ ತುಂಬಾ ಸುಲಭ ಆಯಿತು, ಕಡಿವಾಣ ಹಾಕೋಣ ಎಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಒಂದು ಪ್ರಯತ್ನ ನಡೆಯಿತು. ಗೆದ್ದ ಮೊದಲ ವರ್ಷ ಬೇಡ, ಮುಂದಿನ ಚುನಾವಣೆಗೆ ಒಂದು ವರ್ಷದೊಳಗೆ ಬೇಡ, ಮೇಯರ್ ನೇಮಿಸಿದವರು ಆ ಸೀಟಿಗೆ ನಿಲ್ಲುವುದು ಬೇಡ. ಸಮಂಜಸವಾದ ತಿದ್ದುಪಡಿಯೇ ಅನ್ನಿಸುತ್ತದೆ ನನಗೆ. 2022ರ ಜೂನ್‌ನಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು. ಅದೇ ದಿನ ಜಿಲ್ಲಾ ಅಟಾರ್ನಿ, ಅಂದರೆ ಊರಿನ ಕ್ರಿಮಿನಲ್ ಕೇಸು ನಡೆಸುವ ಮುಖ್ಯ ಸರ್ಕಾರಿ ವಕೀಲ, ಚೆಸಾ ಬೌಡಿನ್‌ರನ್ನೂ ರೀಕಾಲ್ ಮಾಡಿದರು. ಶಾಲಾ ಮಂಡಳಿ ಮತ್ತು ಬೌಡಿನ್ ಇಬ್ಬರ ರೀಕಾಲ್‌ಗೂ ಓಡಾಡಿದ್ದ ಜೋಯಲ್ ಎಂಗಾರ್ಡಿಯೊ ಆ ವರ್ಷದ ಕೊನೆಗೆ ನಗರ ಮಂಡಳಿಗೆ ಗೆದ್ದರು. ಸಮುದ್ರದ ಪಕ್ಕದ ಒಂದು ರಸ್ತೆಯಲ್ಲಿ ವಾಹನ ಸಂಚಾರ ಬಂದ್ ಮಾಡಿ ಅದನ್ನು ಉದ್ಯಾನ ಮಾಡುವ ಪ್ರಸ್ತಾಪವನ್ನು ಬೆಂಬಲಿಸಿದ್ದಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ ಅವರ ವಾರ್ಡಿನ ಮತದಾರರು ಅವರನ್ನೂ ರೀಕಾಲ್ ಮಾಡಿದರು.